ಮೂಗಿಗೆ ಸರ್ಜರಿಯಾ, ಫಿಲ್ಲರಾ, ಇದ್ದ ಹಾಗೇ ಬಿಡೋದಾ?

ಮದುವೆಗೆ ಮೂರು ತಿಂಗಳಿದೆ, ಮೂಗಿನ ಉಬ್ಬು ಸರಿ ಮಾಡಿಸಲಾ ಎಂದು ಕೇಳಿದ್ದೀರಿ. ಮೊದಲು ಹೇಳಿ, ಉಸಿರಾಡಲು ಕಷ್ಟವಾಗುತ್ತಾ? ಮೂಗಿನ ಒಳಗೋಡೆ ಡೊಂಕಾಗಿ ಉಸಿರು ಕಟ್ಟುತ್ತಿದ್ದರೆ ಸರ್ಜರಿಯ ಕಡೆಗೇ ನನ್ನ ಒಲವು. ಫಿಲ್ಲರ್‌ನಿಂದ, ಅಂದರೆ ಚರ್ಮದ ಕೆಳಗೆ ಇಂಜೆಕ್ಷನ್‌ನಲ್ಲಿ ತುಂಬುವ ಜೆಲ್‌ನಿಂದ, ಅದು ಸರಿಹೋಗಲ್ಲ. ಬರೀ ಅಂದಕ್ಕಾದರೆ ವಿಮೆಯವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಖರ್ಚು ನೋಡಿದರೆ ಸರ್ಜರಿಗೆ ಒಮ್ಮೆಲೇ ದೊಡ್ಡ ಮೊತ್ತ. ಫಿಲ್ಲರ್‌ಗೆ ಕಡಿಮೆ, ಆದರೆ ವರ್ಷ ಆಗುವಷ್ಟರಲ್ಲಿ ಕರಗುತ್ತಾ ಬರುತ್ತದೆ, ಮತ್ತೆ ಹಾಕಿಸಬೇಕು. ಜೊತೆಗೆ, ಫಿಲ್ಲರ್ ತುಂಬುತ್ತದೆ ಅಷ್ಟೇ. ಉಬ್ಬಿನ ಅಕ್ಕಪಕ್ಕದ ತಗ್ಗು ಮುಚ್ಚಬಹುದು, ದೊಡ್ಡ ಮೂಗು ಚಿಕ್ಕದಾಗಲ್ಲ.

ಸಮಯವೇ ನಿಮಗೆ ಮುಖ್ಯ, ಅಲ್ವಾ? ಸರ್ಜರಿ ಆದಮೇಲೆ ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ ಇರುತ್ತದೆ. ಊತ ಪೂರ್ತಿ ಇಳಿದು ಕೊನೆಯ ರೂಪ ಕಾಣಲು ಒಂದು ವರ್ಷವೂ ಬೇಕಾಗಬಹುದು. ಹಾಗಾಗಿ ಮದುವೆಗೆ ಮುಂಚೆ ಬೇಡ ಎಂದೇ ನನ್ನ ಮಾತು.

ಹಾಗಂತ ಫಿಲ್ಲರ್ ಹಗುರ ಅಂದುಕೊಳ್ಳಬೇಡಿ. ಅದು ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಬ್ಯೂಟಿ ಪಾರ್ಲರ್‌ನಲ್ಲಂತೂ ಖಂಡಿತ ಹಾಕಿಸಬೇಡಿ. ಹಯಲುರಾನಿಕ್ ಆಸಿಡ್ ಎಂಬ ಬಗೆಯ ಫಿಲ್ಲರ್ ಆದರೆ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಕೈಯಲ್ಲೇ ಇಟ್ಟುಕೊಂಡಿರುವ ಡಾಕ್ಟರ್ ಬೇಕು. ಸರ್ಜರಿಯಲ್ಲಿ ಅರಿವಳಿಕೆಯ ಅಪಾಯವಿದೆ, ಕೆಲವರಿಗೆ ಎರಡನೇ ಸಲವೂ ಮಾಡಿಸಬೇಕಾಗುತ್ತದೆ.

ಯಾರೋ ನೆಂಟರು ಆಡಿದ ಮಾತಿಗೆ ನೊಂದು ಹೊರಟಿದ್ದರೆ ದಯವಿಟ್ಟು ಹಾಗೇ ಬಿಡಿ. ಬಿಟ್ಟ ಮೂಗನ್ನು ನಾಳೆಯೂ ತಿದ್ದಿಸಬಹುದು. ವರ್ಷಗಳಿಂದ ನಿಮ್ಮದೇ ಆಸೆಯಾಗಿದ್ದರೆ ಮದುವೆ ಮುಗಿಸಿ, ಎಂ.ಸಿಎಚ್. (ಸರ್ಜರಿಯ ಉನ್ನತ ಪದವಿ) ಪ್ಲಾಸ್ಟಿಕ್ ಸರ್ಜರಿ ಓದಿದ ಇಬ್ಬರು ಡಾಕ್ಟರ್‌ಗಳ ಹತ್ತಿರ ಕೇಳಿ.