ಶಿರಸಿ ಕಡೆ ಹೋಮ್‌ಸ್ಟೇ: ರೂಮು ಸುಮಾರು, ಗೈಡ್ ಸೂಪರ್

ಅಡಿಕೆ ತೋಟದ ಪಕ್ಕದ ಹೋಮ್‌ಸ್ಟೇ, ಗೀಸರ್ ಮನಸ್ಸು ಬಂದ್ರೆ ಮಾತ್ರ ಕೆಲ್ಸ ಮಾಡುತ್ತೆ, ನೆಟ್‌ವರ್ಕ್ ಅಂತೂ ಕೇಳ್ಲೇಬೇಡಿ, ಆದ್ರೆ ಸಂಜೆ ಕಾಡು ಸುತ್ತಿಸೋ ಗೈಡ್‌ಗೋಸ್ಕರಾನೇ ಹೋಗ್ಬೇಕು ಕಣ್ರೀ. ನಮಗೆ ದರಕಿನ (ಉದುರಿದ ಒಣ ಎಲೆ) ಮಧ್ಯೆ ತಿರುವಾಂಕೂರು ಆಮೆ ಸಿಕ್ತು! ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ವಂತೆ. ಹೆಚ್ಚೂಕಮ್ಮಿ ಒಂದಡಿ ಉದ್ದ, ಕಂದು ಚಿಪ್ಪಿನ ಮೇಲೆ ಕಪ್ಪು ಮಚ್ಚೆ, ಬಿದ್ದ ಹಣ್ಣು ಮುಕ್ತಾ ಇತ್ತು, ಮೂತಿಗೆಲ್ಲ ರಸ ಮೆತ್ಕೊಂಡು. ಹುಲ್ಲು, ಅಣಬೆ ಅಷ್ಟೇ ಅಲ್ಲ, ಹುಳ, ಕಪ್ಪೆ ಸಿಕ್ರೂ ಬಿಡಲ್ವಂತೆ, ನಾನು ಪಕ್ಕಾ ವೆಜ್ ಅಂದ್ಕೊಂಡಿದ್ದೆ. ಬಿಸಿಲಲ್ಲಿ ಎಲ್ಲೋ ಅಡಗಿರುತ್ತೆ, ಹೊತ್ತು ಇಳಿದ್ಮೇಲೆ ಓಡಾಟ. ಜೊತೆ ಕೂಡೋ ಸೀಸನ್‌ನಲ್ಲಿ ಕಣ್ಣು ಮೂಗಿನ ಸುತ್ತ ಗುಲಾಬಿ ಬಣ್ಣ ಬರುತ್ತೆ, ಗಂಡು ಚಿಪ್ಪಿಂದ ಡಿಕ್ಕಿ ಹೊಡೆಯುತ್ತೆ, ಮೊಟ್ಟೆ ಇಡೋದು ಬೆರಳೆಣಿಕೆ ಅಷ್ಟೇ.

ಎತ್ಕೊಂಡು ಸೆಲ್ಫಿ ತೆಗೀಲಾ ಅಂದವರಿಗೆ ಗೈಡ್ ಅಣ್ಣ ಸರಿಯಾಗೇ ಬೈದ್ರು, ಅದಕ್ಕೇ ಒಂದು ಸ್ಟಾರ್ ಎಕ್ಸ್‌ಟ್ರಾ. ಊಟಕ್ಕೆ ತಂಬುಳಿ ಚೆನ್ನಾಗಿತ್ತು, ಸಾರು ನೀರು ನೀರು. ಮಳೆಗಾಲದಲ್ಲಿ ಹೋಗೋರು ಉಂಬಳಕ್ಕೆ (ಕಾಡು ಜಿಗಣೆ) ಉಪ್ಪು, ಸುಣ್ಣ ಇಟ್ಕೊಳ್ಳಿ, ಟಾರ್ಚ್ ಅವರೇ ಕೊಡ್ತಾರೆ.