9 ಎಂಎಂ ಮರುತುಂಬಿಕೆ: ಗುಂಡು ಮೊದಲೋ, ಮದ್ದು ಮೊದಲೋ

ಪಿಸ್ತೂಲಿನ ಖಾಲಿ ಕೇಸುಗಳನ್ನು, ಅಂದರೆ ಹೊಡೆದ ತೋಟಾದ ಲೋಹದ ಕೊಳವೆಗಳನ್ನು, ಮತ್ತೆ ತುಂಬಿ ಬಳಸುವವರಲ್ಲಿ ಹೆಚ್ಚಿನವರು ಮೊದಲು ಮದ್ದಿನ ಹೆಸರನ್ನು ವಿಚಾರಿಸುತ್ತಾರೆ. ಗುಂಡು ಯಾವುದೆಂಬ ಪ್ರಶ್ನೆ ಆಮೇಲೆ ಬರುತ್ತದೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ಗುಂಡಿನ ತೂಕ ಮತ್ತು ಹೊದಿಕೆ ನಿಶ್ಚಯವಾದ ಮೇಲೆಯೇ ಮದ್ದಿನ ಆಯ್ಕೆಗೆ ಅರ್ಥ ಬರುತ್ತದೆ. ಇಲ್ಲಿರುವ ಹೋಲಿಕೆ ಗುರಿ ಅಭ್ಯಾಸಕ್ಕೆ ಬಳಸುವ 9 ಎಂಎಂ ಲೂಗರ್ ತೋಟಾಗಳದ್ದು. ಒಂದೇ ಪಿಸ್ತೂಲು, ಒಂದೇ ಬಗೆಯ ಕೇಸು ಮತ್ತು ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಇಟ್ಟುಕೊಂಡು, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನ ಮುಂದೆ ಹೊಡೆದು ನೋಡಿದ್ದೇನೆ. ಮದ್ದಿನ ಪ್ರಮಾಣಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಅವನ್ನು ತಯಾರಕರು ಪ್ರಕಟಿಸಿದ ಕೋಷ್ಟಕದಿಂದಲೇ ಪಡೆದು, ಕನಿಷ್ಠ ಅಳತೆಯಿಂದ ಆರಂಭಿಸಬೇಕು.

ತೂಕದಲ್ಲಿ ಸಾಮಾನ್ಯವಾಗಿ ಸಿಗುವವು 115, 124 ಮತ್ತು 147 ಗ್ರೇನ್ (ಸುಮಾರು ಹದಿನೈದು ಗ್ರೇನ್ ಸೇರಿದರೆ ಒಂದು ಗ್ರಾಂ). ಪ್ರಾಯೋಗಿಕ ಗುರಿ ಸ್ಪರ್ಧೆಗಳಲ್ಲಿ ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿದಾಗ ಬರುವ ಸಂಖ್ಯೆ ಕನಿಷ್ಠ 125 ಇರಬೇಕೆಂಬ ನಿಯಮವಿದೆ. ಅದನ್ನು ಮುಟ್ಟಲು 115 ಗ್ರೇನಿನ ಗುಂಡು 1087 ಅಡಿ ವೇಗದಲ್ಲಿ ಹೋಗಬೇಕು, 124ಕ್ಕೆ 1009 ಸಾಕು, 147ಕ್ಕೆ 851 ಸಾಕು. ಲೆಕ್ಕದಲ್ಲಿ ಗುಂಡಿನ ಸಂವೇಗ ಮೂರಕ್ಕೂ ಒಂದೇ. ಆದರೆ ಕೈಗೆ ತಗಲುವ ಒದೆತ ಒಂದೇ ಅಲ್ಲ. 147ಕ್ಕೆ ಕಡಿಮೆ ಮದ್ದು ಸಾಕಾಗುವುದರಿಂದ ಹೊರಬೀಳುವ ಅನಿಲವೂ ಕಡಿಮೆ. ಪಿಸ್ತೂಲು ಸಿಡುಕದೆ ಮೆಲ್ಲನೆ ಹಿಂದಕ್ಕೆ ತಳ್ಳುತ್ತದೆ. 115 ಚುರುಕಾಗಿ ಹೊಡೆಯುತ್ತದೆ, ಸದ್ದೂ ಹರಿತ. ಆದರೂ 147ನ್ನು ನಾನು ಕೈಬಿಟ್ಟೆ. ಆ ಉದ್ದನೆಯ ಗುಂಡು ಕೇಸಿನೊಳಗೆ ಆಳಕ್ಕೆ ಇಳಿಯುತ್ತದೆ, ಕೇಸಿನ ಗೋಡೆ ದಪ್ಪವಾಗುವ ಭಾಗವನ್ನು ತಲುಪಿ ಕೆಲವೊಮ್ಮೆ ಹೊರಗೆ ಉಬ್ಬು ಮೂಡಿಸುತ್ತದೆ, ಮದ್ದಿಗೆ ಉಳಿಯುವ ಜಾಗವನ್ನೂ ಕಿರಿದಾಗಿಸುತ್ತದೆ. 9 ಎಂಎಂ ಮೊದಲೇ ಚಿಕ್ಕ ಕೇಸು. ಅಮೆರಿಕದ ಬಂದೂಕು ಮತ್ತು ತೋಟಾ ತಯಾರಕರ ಸಂಸ್ಥೆಯಾದ ಸಾಮಿಯ (SAAMI) ಮಾನದಂಡದಂತೆ ಅದರ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್. ಗುಂಡು ಅಗತ್ಯಕ್ಕಿಂತ ಸ್ವಲ್ಪವೇ ಒಳಗೆ ಸರಿದರೂ ಒತ್ತಡ ಥಟ್ಟನೆ ಏರುವ ಕೇಸಿನಲ್ಲಿ, ಇಷ್ಟು ಕಡಿಮೆ ಎಡೆ ಉಳಿಸುವ ಗುಂಡು ನನಗೆ ನೆಮ್ಮದಿ ಕೊಡಲಿಲ್ಲ. ಉಳಿದೆರಡರಲ್ಲಿ 124 ಮೇಲು: ಒದೆತ ಮಿತವಾಗಿದೆ, ಮ್ಯಾಗಜೀನಿನಿಂದ ಸಲೀಸಾಗಿ ಏರುತ್ತದೆ.

ಹೊದಿಕೆಯ ವಿಷಯಕ್ಕೆ ಬಂದರೆ, ತಾಮ್ರದ ಪೂರ್ಣ ಕವಚವಿರುವ ಗುಂಡಿನಲ್ಲಿ ದೋಷ ಹುಡುಕುವುದು ಕಷ್ಟ. ಅದರ ಬೆಲೆಯೊಂದೇ ತಕರಾರು. ವಿದ್ಯುಲ್ಲೇಪನದಿಂದ ತೆಳುವಾಗಿ ತಾಮ್ರ ಹಚ್ಚಿದ ಗುಂಡು ಅಗ್ಗವಾದರೂ ಸೂಕ್ಷ್ಮ: ಕೇಸಿನ ಬಾಯಿಯನ್ನು ಬಿಗಿಯಾಗಿ ಅದುಮಿದರೆ ಲೇಪ ಸೀಳಿ, ಗುರಿಹಲಗೆಯ ಮೇಲಿನ ಗುಂಪು ಚದುರುತ್ತದೆ. 9 ಎಂಎಂ ತೋಟಾ ನಳಿಗೆಯ ಹಿಂಬದಿಯ ಕೋಣೆಯಲ್ಲಿ ನಿಲ್ಲುವುದು ಕೇಸಿನ ಬಾಯಂಚಿನ ಮೇಲೆಯೇ ಆದ್ದರಿಂದ, ಗುಂಡು ಕೂರಿಸಲೆಂದು ಅಗಲಿಸಿದ ಬಾಯನ್ನು ನೇರ ಮಾಡುವಷ್ಟು ಅದುಮಿದರೆ ಸಾಕು. ಎರಕದ ಸೀಸಕ್ಕೆ ಮೇಣದಂಥ ಜಿಡ್ಡು ಬಳಿದ ಹಳೆಯ ಬಗೆಯ ಗುಂಡು ಹೊಗೆ ಕಾರುತ್ತದೆ, ತೋಟಾ ಒತ್ತಿ ರೂಪಿಸುವ ಅಚ್ಚುಗಳಾದ ಡೈಗಳಲ್ಲಿ ಜಿಡ್ಡು ಕಟ್ಟಿಸುತ್ತದೆ. ಬಹುಭುಜಾಕೃತಿಯ ನಳಿಗೆಯಿರುವ ಗ್ಲಾಕ್ ಪಿಸ್ತೂಲಿನಲ್ಲಿ ಬರೀ ಸೀಸದ ಗುಂಡು ಬಳಸಬಾರದೆಂದು ತಯಾರಕರೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಪಾಲಿಮರ್ ಲೇಪದ ಎರಕದ ಗುಂಡು. ಕವಚದ ಗುಂಡು ಸಾಮಾನ್ಯವಾಗಿ 0.355 ಇಂಚು ವ್ಯಾಸದ್ದಾದರೆ ಇದು 0.356 ಇರುತ್ತದೆ, ಈ ಕೂದಲೆಳೆಯ ಹೆಚ್ಚಳದಿಂದ ನಳಿಗೆಯ ಸುರುಳಿ ತೋಡುಗಳನ್ನು ಚೆನ್ನಾಗಿ ತುಂಬುತ್ತದೆ. ಹಾಕುವ ಮುನ್ನ ಕೇಸಿನ ಬಾಯನ್ನು ತುಸು ಹೆಚ್ಚು ಅಗಲಿಸದಿದ್ದರೆ ಮಾತ್ರ ಲೇಪ ಸುಲಿದು ಬರುತ್ತದೆ. ಯಾವ ಬಗೆಯಾದರೂ ಸೀಸ ಸೀಸವೇ, ಮುಟ್ಟಿದ ಕೈಯನ್ನು ತೊಳೆಯಲೇಬೇಕು.

ಈಗ ಮದ್ದು. ಹಾಡ್ಜ್‌ಡನ್ ಕಂಪನಿಯ ಟೈಟ್‌ಗ್ರೂಪ್ ಮಿತವ್ಯಯಿ: ತೀರ ಕಡಿಮೆ ಅಳತೆಯಲ್ಲಿ ಕೆಲಸ ಮುಗಿಸುತ್ತದೆ, ವೇಗದ ಏರುಪೇರೂ ಕಡಿಮೆ. ಅದರ ಮಿತವ್ಯಯವೇ ಅದರ ಅಪಾಯ. ಕೇಸಿನ ತಳದಲ್ಲಿ ಅಷ್ಟು ಕಡಿಮೆ ಮದ್ದು ಕುಳಿತಾಗ, ಕೈತಪ್ಪಿ ಎರಡು ಸಲ ಬಿದ್ದರೂ ತುಂಬಿ ಚೆಲ್ಲಿ ಎಚ್ಚರಿಸುವುದಿಲ್ಲ. ಜೊತೆಗೆ ಅದು ಬಿಸಿಯಾಗಿ ಉರಿಯುವುದರಿಂದ ಲೇಪದ ಗುಂಡಿನೊಂದಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೊಗೆ ಕಂಡದ್ದು ಇದರಲ್ಲಿಯೇ. ಅಲಯಂಟ್ ಕಂಪನಿಯ ಯೂನಿಕ್ 1900ರ ಸುಮಾರಿನಿಂದ ಬಳಕೆಯಲ್ಲಿರುವ ಮದ್ದು. ಅದರ ಹಗುರವಾದ ಚಕ್ಕೆಗಳು ಕೇಸನ್ನು ಸಾಕಷ್ಟು ತುಂಬುವುದರಿಂದ ಎಣ್ಣೆದೀಪದಂತೆ ಮಟ್ಟ ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಆದರೆ ಅಳತೆಯ ಯಂತ್ರದಲ್ಲಿ ಅದೇ ಚಕ್ಕೆಗಳು ಅಡ್ಡ ಸಿಕ್ಕಿ ಒಂದೊಂದು ಸಲ ಒಂದೊಂದು ತೂಕ ಬೀಳುತ್ತದೆ, ಮಸಿಯೂ ಹೆಚ್ಚು. ಹಾಡ್ಜ್‌ಡನ್‌ನ ಎಚ್‌ಎಸ್-6 ನಿಧಾನ ಉರಿಯುವ ಮದ್ದು; ಪೂರ್ಣ ಬಲದ ತೋಟಾಗಳಲ್ಲಿ ಸೊಗಸು, ಅಭ್ಯಾಸದ ಹಗುರ ತೋಟಾಗಳಲ್ಲಿ ಸುಡದ ಕಾಳುಗಳನ್ನು ಉಳಿಸುತ್ತದೆ.

ನನ್ನ ಆಯ್ಕೆ ವಿಂಚೆಸ್ಟರ್ 231. ಹಾಡ್ಜ್‌ಡನ್ ಎಚ್‌ಪಿ-38 ಎಂದು ಮಾರುವುದೂ ಇದೇ ಮದ್ದು. ಹೀಗಾಗಿ ಎರಡರಲ್ಲಿ ಯಾವುದು ಮೇಲೆಂಬ ವಾದಕ್ಕೆ ಅರ್ಥವಿಲ್ಲ. ಅದರ ಚಪ್ಪಟೆ ಗುಂಡುಕಾಳುಗಳು ಯಂತ್ರದಲ್ಲಿ ನೀರಾಗಿ ಹರಿಯುತ್ತವೆ, ತೂಕ ಸ್ಥಿರವಾಗಿರುತ್ತದೆ, ಟೈಟ್‌ಗ್ರೂಪಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬೆಳಕು ಹಾಯಿಸಿ ನೋಡಿದರೆ ಏರಿಳಿತ ಗೊತ್ತಾಗುತ್ತದೆ. ಮದ್ದೇ ಬೀಳದ ಕೇಸು ಪ್ರೈಮರಿನ ಬಲದಿಂದಲೇ ಗುಂಡನ್ನು ನಳಿಗೆಯಲ್ಲಿ ಸಿಕ್ಕಿಸಬಲ್ಲದು, ಅದರ ಹಿಂದೆ ಇನ್ನೊಂದನ್ನು ಹೊಡೆದರೆ ನಳಿಗೆ ಸಿಡಿಯಬಹುದು. ಆದ್ದರಿಂದ ಗುಂಡು ಕೂರಿಸುವ ಮುನ್ನ ಪ್ರತಿ ಕೇಸಿನೊಳಗೆ ಇಣುಕುವುದು ನನಗೆ ವೇಗದ ಅಂಕಿಗಳಿಗಿಂತ ಮುಖ್ಯ. ಟೈಟ್‌ಗ್ರೂಪಿನ ಉಳಿತಾಯಕ್ಕಾಗಿ ಈ ಅನುಕೂಲವನ್ನು ಬಿಟ್ಟುಕೊಡಲು ನಾನು ಒಪ್ಪುವುದಿಲ್ಲ.

ಆದರೆ ಈ ತೀರ್ಪು 9 ಎಂಎಂಗೆ ಸೀಮಿತ. ರಿವಾಲ್ವರಿನ ತೋಟಾವಾದ .38 ಸ್ಪೆಷಲ್ ಕಪ್ಪುಮದ್ದಿನ ಕಾಲದಲ್ಲಿ ರೂಪುಗೊಂಡ ಉದ್ದನೆಯ ಕೇಸು, ಒತ್ತಡದ ಮಿತಿ 17,000 ಪೌಂಡ್ ಮಾತ್ರ. ಅಲ್ಲಿ ಕಡಿಮೆ ಜಾಗ ಹಿಡಿಯುವ ಮದ್ದು ಕೇಸಿನ ಮೂಲೆಯಲ್ಲೆಲ್ಲೋ ಅಡಗಿ ಹೋಗುತ್ತದೆ. ರಿವಾಲ್ವರಿಗೆ ತುಂಬುವಾಗ ಮಸಿಯನ್ನು ಸಹಿಸಿಕೊಂಡು ಯೂನಿಕ್ ಡಬ್ಬಿಯನ್ನೇ ತೆರೆಯುತ್ತೇನೆ.