ಟರ್ಬೊ ಕಾರಿಗೆ ಯಾವ ಆಯಿಲ್, ಯಾವ ಗ್ಯಾರೇಜ್: ಶಿರಸಿಯಿಂದ ಒಂದು ಹೋಲಿಕೆ

ನಮ್ಮ ಶಿರಸಿ ಕಡೆ ಈಗ ಟರ್ಬೊ ಪೆಟ್ರೋಲ್ ಕಾರುಗಳು ಜಾಸ್ತಿಯಾಗಿವೆ. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಒಂದು ಸಣ್ಣ ಯಂತ್ರ. ಒಂದೇ ಲೀಟರ್ ಎಂಜಿನ್, ಮೂರೇ ಸಿಲಿಂಡರ್. ಆದರೂ ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವಾಗ ಸುಸ್ತಾಗದೆ ಎಳೆಯುತ್ತವೆ. ತಗೊಂಡವರು ಪಿಕಪ್ ಹೊಗಳುತ್ತಾರೆ, ಮೈಲೇಜ್ ಬೈಯುತ್ತಾರೆ. ಆಯಿಲ್ ಯಾವುದು ಅಂತ ಕೇಳಿದರೆ ಮಾತ್ರ "ಸರ್ವಿಸಿಗೆ ಬಿಟ್ಟಾಗ ಅವರೇ ಹಾಕ್ತಾರಲ್ವಾ" ಅನ್ನುತ್ತಾರೆ.

ನನ್ನದೂ ಅಂಥದ್ದೇ ಕಾರು, ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ವಾರಂಟಿ ಇದ್ದಾಗ ಒಂದು ದಾರಿ, ಮುಗಿದ ಮೇಲೆ ಇನ್ನೊಂದು ದಾರಿ ಅಂತ ಆಯಿಲೂ ಬದಲಾಯಿತು, ಗ್ಯಾರೇಜೂ ಬದಲಾಯಿತು. ಗ್ರೇಡ್ ಸರಿ ಇದ್ದರೆ ಒಳ್ಳೆ ಕಂಪನಿಗಳ ಆಯಿಲ್ ನಡುವೆ ವ್ಯತ್ಯಾಸ ಸಣ್ಣದು. ಗ್ಯಾರೇಜಿಗೂ ಗ್ಯಾರೇಜಿಗೂ ಇರುವ ವ್ಯತ್ಯಾಸವೇ ದೊಡ್ಡದು. ಆದರೆ ನಮ್ಮ ಜನ ಚರ್ಚೆ ಮಾಡುವುದೆಲ್ಲ ಡಬ್ಬಿಯ ಮೇಲಿನ ಹೆಸರಿನ ಬಗ್ಗೆ.

ಟರ್ಬೊಗೆ ಆಯಿಲ್ ಯಾಕೆ ಅಷ್ಟು ಮುಖ್ಯ ಅಂತ ಮೊದಲು ಹೇಳಿಬಿಡುತ್ತೇನೆ. ಅದರ ಒಳಗಿನ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ಸುಲಭವಾಗಿ ದಾಟುತ್ತದೆ. ಸಣ್ಣ ಟರ್ಬೊ ಆದರೆ 2 ಲಕ್ಷದ ಹತ್ತಿರವೂ ಹೋಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಆ ಶಾಫ್ಟಿಗೆ ಬಾಲ್ ಬೇರಿಂಗ್ ಇಲ್ಲ, ಆಯಿಲಿನ ತೆಳು ಪದರದ ಮೇಲೇ ಅದು ತೇಲಬೇಕು. ಒಂದು ತುದಿಯಲ್ಲಿ ಎಂಜಿನ್ನಿನಿಂದ ಬರುವ ಬಿಸಿ ಹೊಗೆ. ಪೆಟ್ರೋಲ್ ಕಾರಲ್ಲಿ ಜೋರಾಗಿ ಓಡಿಸಿದಾಗ ಅದು 900 ಡಿಗ್ರಿ ಆಸುಪಾಸು ಇರುತ್ತದೆ. ಘಟ್ಟ ಹತ್ತಿ ಬಂದ ಕೂಡಲೇ ಕೀ ತಿರುಗಿಸಿ ಎಂಜಿನ್ ಬಂದ್ ಮಾಡಿದರೆ ಆಯಿಲ್ ಪಂಪೂ ನಿಲ್ಲುತ್ತದೆ. ಟರ್ಬೊ ಒಳಗೆ ನಿಂತ ಆಯಿಲ್ ಅಲ್ಲೇ ಸುಟ್ಟು ಕರಕಲು ಕಟ್ಟುತ್ತದೆ. ಈಗಿನ ಕಾರುಗಳಲ್ಲಿ ಟರ್ಬೊಗೂ ಕೂಲಂಟ್ ನೀರು ಹರಿಯುವುದರಿಂದ ಮೊದಲಿನಷ್ಟು ಭಯ ಇಲ್ಲ. ಆದರೂ ನಮ್ಮಲ್ಲಿ ಘಟ್ಟ ಹತ್ತಿ ದೇವಿಮನೆ ದೇವಸ್ಥಾನದ ಎದುರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಇಳಿದು ಕೈಮುಗಿಯುವ ರೂಢಿ ಇದೆಯಲ್ಲ, ಅಲ್ಲಿ ಅರ್ಧ ನಿಮಿಷವೋ ಒಂದು ನಿಮಿಷವೋ ಎಂಜಿನ್ ಐಡಲ್‌ನಲ್ಲಿ ಬಿಟ್ಟರೆ ಒಳ್ಳೆಯದು. ದೇವಿಗೂ ಬೇಜಾರಿಲ್ಲ, ಟರ್ಬೊಗೂ ಬೇಜಾರಿಲ್ಲ.

ಇನ್ನು ಡಬ್ಬಿಯ ಹಿಂಬದಿ. ನಾನು ಮೊದಲು ನೋಡುವುದು 'ಎಪಿಐ ಎಸ್‌ಪಿ' ಅಂತ ಬರೆದಿದೆಯೋ ಇಲ್ಲವೋ ಅನ್ನುವುದನ್ನು. ಇದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) 2020ರ ಮೇ ತಿಂಗಳಲ್ಲಿ ತಂದ ದರ್ಜೆ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕ್ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಒಂದು ಕಾಯಿಲೆ ಇದೆ. ಜೋರಾಗಿ ಆದರೆ ಪಿಸ್ಟನ್ನೇ ಒಡೆಯುತ್ತದೆ. ಆಯಿಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದಷ್ಟೂ ಈ ಕಾಯಿಲೆ ಜಾಸ್ತಿ ಅಂತ ಗೊತ್ತಾದ ಮೇಲೆ ಅದರ ಒಂದಷ್ಟು ಪಾಲಿಗೆ ಮೆಗ್ನೀಸಿಯಂ ಬಂತು. ಎಸ್‌ಪಿ ದರ್ಜೆಯ ಆಯಿಲ್ ಈ ಕಾಯಿಲೆ ತಡೆಯುತ್ತದೋ ಅಂತ ನೋಡುವ ಪರೀಕ್ಷೆ ಪಾಸಾಗಿರಬೇಕು. ಅದಕ್ಕೂ ಹಿಂದಿನ ಎಸ್‌ಎನ್ ದರ್ಜೆಯ ಡಬ್ಬಿ ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಕ್ಕರೂ ಟರ್ಬೊಗೆ ಬೇಡ. ಐದನೇ ಗೇರಿನಲ್ಲಿ ಗುರ್ ಅನ್ನಿಸುತ್ತಾ ಏರು ಹತ್ತುವವರಿಗಂತೂ ಬೇಡವೇ ಬೇಡ.

ನನ್ನ ಕಾರಿನ ಮ್ಯಾನ್ಯುಯಲ್ 5ಡಬ್ಲ್ಯು-30 ಹಾಕಿ ಅನ್ನುತ್ತದೆ, ಬಿಸಿ ಪ್ರದೇಶಕ್ಕೆ 5ಡಬ್ಲ್ಯು-40 ಕೂಡ ನಡೆಯುತ್ತದೆ ಅನ್ನುತ್ತದೆ. ಇದರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅನ್ನುವುದಕ್ಕೆ, ಕೊನೆಯದು ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ನಿಮ್ಮ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ, ನನ್ನನ್ನಲ್ಲ.

ಶೋರೂಂ ಸರ್ವಿಸಿನಲ್ಲಿ ಹಾಕುತ್ತಿದ್ದುದು ಕಂಪನಿಯದೇ ಹೆಸರಿನ 5ಡಬ್ಲ್ಯು-30. ಡ್ರಮ್ಮಿನಿಂದ ಗನ್ನಿನಲ್ಲಿ ತುಂಬಿಸುತ್ತಾರೆ. ಎಂಜಿನ್ ಹಗುರವಾಗಿ ಓಡುತ್ತಿತ್ತು, ಮೈಲೇಜೂ ಚೆನ್ನಾಗಿತ್ತು. ಆದರೆ ಸರ್ವಿಸ್ ಅವಧಿಯ ಕೊನೆ ಕೊನೆಗೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕ ಟಕ ಸದ್ದು ಸ್ವಲ್ಪ ಜಾಸ್ತಿ ಕೇಳುತ್ತಿತ್ತು. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ಮೂಸಿದರೆ ಪೆಟ್ರೋಲ್ ವಾಸನೆ. ಪೇಟೆಯೊಳಗೇ ಸುತ್ತಾಡುವ ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಇದು ಸಹಜ. ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಮನೆ ಬಂದಿರುತ್ತದೆ, ಆಯಿಲಿಗೆ ಸೇರಿದ ಪೆಟ್ರೋಲ್ ಆವಿಯಾಗಿ ಹೋಗುವುದೇ ಇಲ್ಲ.

ಆಮೇಲೆ ಹಾಕಿಸಿದ್ದು ಕ್ಯಾಸ್ಟ್ರಾಲ್ ಎಡ್ಜ್ 5ಡಬ್ಲ್ಯು-30. ಇದರಲ್ಲಿ ಹೇಳುವಂಥ ಹೊಸದೇನೂ ಕಾಣಲಿಲ್ಲ. ಕಂಪನಿ ಆಯಿಲಿನ ಹಾಗೇ ಇತ್ತು. ಸಿಗುವುದು ಸುಲಭ, ಅದೊಂದು ಅನುಕೂಲ.

ಈಗ ಇರುವುದು ಶೆಲ್ ಹೆಲಿಕ್ಸ್ ಅಲ್ಟ್ರಾ 5ಡಬ್ಲ್ಯು-40. ಇದರ ಬೇಸ್ ಆಯಿಲ್ ಕಚ್ಚಾ ತೈಲದಿಂದಲ್ಲ, ನೈಸರ್ಗಿಕ ಅನಿಲದಿಂದ ಮಾಡಿದ್ದು ಅಂತ ಕಂಪನಿ ಹೇಳಿಕೊಳ್ಳುತ್ತದೆ, ಅದಕ್ಕೆ ಕತಾರಿನಲ್ಲಿ ದೊಡ್ಡ ಸ್ಥಾವರವೇ ಇದೆ. ನನಗೆ ಮುಖ್ಯವಾಗಿದ್ದು ಅನಿಲ ಅಲ್ಲ, ಆ 40. ಆಯಿಲನ್ನು 150 ಡಿಗ್ರಿಗೆ ಕಾಯಿಸಿ, ಬೇರಿಂಗಿನಲ್ಲಿ ಆಗುವ ಹಾಗೆ ಜೋರಾಗಿ ಉಜ್ಜಿಸುತ್ತಾ ದಪ್ಪ ಅಳೆಯುವ ಒಂದು ಪರೀಕ್ಷೆ ಇದೆ. ಅದರಲ್ಲಿ 30ರ ಆಯಿಲಿಗೆ ಕನಿಷ್ಠ 2.9 ಬಂದರೆ ಸಾಕು, 5ಡಬ್ಲ್ಯು-40ಕ್ಕೆ ಕನಿಷ್ಠ 3.5 ಬರಬೇಕು. ಬಿಸಿಯಲ್ಲಿ ಪದರ ಅಷ್ಟು ಗಟ್ಟಿ ನಿಲ್ಲುತ್ತದೆ, ಮಧ್ಯೆ ಪೆಟ್ರೋಲ್ ಸೇರಿ ತೆಳುವಾದರೂ ಕೈಯಲ್ಲಿ ಸ್ವಲ್ಪ ಉಳಿದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು, ನಾಲ್ಕು ಜನ ಕೂತು, ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಇದು ಬೇಕಾಗುತ್ತದೆ. ಎದುರಿನಿಂದ ಗಾಳಿ ಇಲ್ಲ, ಫ್ಯಾನ್ ಭರೋ ಅಂತ ತಿರುಗುತ್ತಿರುತ್ತದೆ.

ವ್ಯತ್ಯಾಸ ಏನು ಕಂಡಿತು? ಪಿಕಪ್ ಒಂಚೂರೂ ಬದಲಾಗಲಿಲ್ಲ. ಆಯಿಲ್ ಬದಲಿಸಿದರೆ ಕಾರು ಹಾರುತ್ತದೆ ಅನ್ನುವವರನ್ನು ನಂಬಬೇಡಿ. ಸದ್ದು ಕಡಿಮೆಯಾಯಿತು, ಎರಡು ಸರ್ವಿಸಿನ ಮಧ್ಯೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವುದು ಕಡಿಮೆಯಾಯಿತು. ಮೈಲೇಜ್ ಮಾತ್ರ ಲೀಟರಿಗೆ ಹತ್ತಿರ ಹತ್ತಿರ ಅರ್ಧ ಕಿ.ಮೀ. ಕಡಿಮೆಯಾಯಿತು. ಘಟ್ಟ ಹತ್ತಿಳಿಯುವ ನನಗೆ ಈ ವ್ಯಾಪಾರ ಒಪ್ಪಿಗೆ. ಕಾರವಾರದಲ್ಲಿ ನಮ್ಮ ಭಾವನ ಹತ್ತಿರ ಇದೇ ಎಂಜಿನ್ನಿನ ಕಾರಿದೆ. ಅವನು ಓಡಿಸುವುದೆಲ್ಲ ಸಮುದ್ರದ ಪಕ್ಕದ ಹೆದ್ದಾರಿಯಲ್ಲಿ. ಅವನಿಗೆ 30 ಬಿಡುವ ಕಾರಣವೇ ಇಲ್ಲ, ಬಿಟ್ಟೂ ಇಲ್ಲ.

0ಡಬ್ಲ್ಯು ಹಾಕಿಸಿ ಅಂತ ಹೇಳುವವರೂ ಇದ್ದಾರೆ. ಮೊದಲಿನ ಆ ಅಂಕಿ ಚಳಿಯ ಲೆಕ್ಕ. 5ಡಬ್ಲ್ಯು ಆಯಿಲನ್ನು ಪರೀಕ್ಷೆ ಮಾಡುವುದೇ ಮೈನಸ್ 30 ಡಿಗ್ರಿಯಲ್ಲಿ. ಶಿರಸಿಯ ಜನವರಿಗೆ ನಾವು ಕಂಬಳಿ ಹೊದೆಯುತ್ತೇವೆ ನಿಜ, ಆಯಿಲಿಗೆ ಅದು ಚಳಿಯೇ ಅಲ್ಲ. ಇನ್ನೊಂದು ಕಡೆ, "ದಪ್ಪ ಇದ್ದಷ್ಟೂ ಒಳ್ಳೇದು" ಅಂತ 15ಡಬ್ಲ್ಯು-40 ಮಿನರಲ್ ಆಯಿಲ್ ಸುರಿಯುವವರಿಗೂ ಕಡಿಮೆ ಇಲ್ಲ. ಹಳೆ ಜೀಪಿಗೆ ಅದು ಸರಿ. ಟರ್ಬೊ ಪೆಟ್ರೋಲಿಗೆ ಬೇಡ.

ಮಳೆಗಾಲದ ಒಂದು ವಿಷಯ ಬೇರೆ ಇದೆ. ಜುಲೈ ತಿಂಗಳಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ. ಒಳಗೆ ಕೆನೆಯ ಹಾಗೆ ಹಳದಿ-ಬಿಳಿ ಲೋಳೆ ಅಂಟಿರುತ್ತದೆ. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಅಂತ ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಒಳಗಿನ ನೀರಿನ ಆವಿ ಒಣಗುವುದಿಲ್ಲ, ಆಯಿಲಿನ ಜೊತೆ ಕಲಸಿ ಹೀಗಾಗುತ್ತದೆ. ಕೂಲಂಟ್ ಮಟ್ಟ ಇಳಿದಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛ ಇದೆ ಅಂದರೆ ಹೆದರಬೇಕಾಗಿಲ್ಲ. ಒಂದು ಸಲ ಕುಮಟಾ ತನಕ ಹೋಗಿ ಬಂದರೆ ಹೋಗುತ್ತದೆ. ಇದನ್ನೇ ತೋರಿಸಿ "ಹೆಡ್ ಗ್ಯಾಸ್ಕೆಟ್ ಹೋಗಿದೆ" (ಕೂಲಂಟ್ ಆಯಿಲಿಗೆ ಸೇರದಂತೆ ತಡೆಯುವ ಎಂಜಿನ್ನಿನ ಪದರ ಅದು) ಅಂತ ಹೆದರಿಸುವವರು ಇದ್ದಾರೆ. ಕೂಲಂಟ್ ಡಬ್ಬಿಯೂ ಇಳಿಯುತ್ತಿದ್ದರೆ ಮಾತ್ರ ಅವರ ಮಾತು ಕೇಳಿ.

ಈ ಕಾರಣಕ್ಕೇ ಮ್ಯಾನ್ಯುಯಲ್ಲಿನ 10,000 ಕಿ.ಮೀ. ತನಕ ನಾನು ಕಾಯುವುದಿಲ್ಲ. 7,000-7,500ಕ್ಕೆ ಬದಲಿಸುತ್ತೇನೆ. ಕಿ.ಮೀ. ಆಗದಿದ್ದರೂ ವರ್ಷಕ್ಕೊಮ್ಮೆ, ಅದೂ ಮಳೆಗಾಲ ಮುಗಿದ ಮೇಲೆ. ದುಬಾರಿ ಆಯಿಲ್ ಹಾಕಿ 15,000 ಓಡಿಸುವುದಕ್ಕಿಂತ ಮಧ್ಯಮ ರೇಟಿನ ಒಳ್ಳೆ ಆಯಿಲನ್ನು ಬೇಗ ಬದಲಿಸುವುದೇ ಮೇಲು ಅನ್ನುವುದು ನನ್ನ ನಂಬಿಕೆ. ಒಂದು ಸರ್ವಿಸಿನ ಆಯಿಲಿಗೆ ಎರಡು-ಮೂರು ಸಾವಿರ ಚಿಲ್ಲರೆ ಆಗುತ್ತದೆ. ಟರ್ಬೊ ಹೋದರೆ ಆ ಲೆಕ್ಕವೇ ಬೇರೆ.

ಇನ್ನು ಗ್ಯಾರೇಜ್.

ಹುಬ್ಬಳ್ಳಿಯ ಶೋರೂಂ ಸರ್ವಿಸ್ ನಮಗೆ ಮುಂಡಗೋಡ ದಾರಿಯಲ್ಲಿ ನೂರು ಕಿ.ಮೀ. ಆಸುಪಾಸು. ಬೆಳಗ್ಗೆ ಬಿಟ್ಟರೆ ಸಂಜೆ ಕೊಡುತ್ತಾರೆ, ಅಲ್ಲಿಗೆ ಒಂದು ದಿನ ಹೋಯಿತು. ಸ್ಕ್ಯಾನರ್ ಇದೆ, ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತದೆ, ಬಿಲ್ ಪಕ್ಕಾ. ವಾರಂಟಿ ಇರುವಷ್ಟು ದಿನ ಬೇರೆ ಕಡೆ ಹೋಗುವ ಯೋಚನೆಯೇ ಬೇಡ. ನಾಳೆ ಟರ್ಬೊ ಕ್ಲೇಮ್ ಮಾಡುವಾಗ ಸರ್ವಿಸ್ ದಾಖಲೆ ಕೇಳಿದರೆ ಕೊಡಲು ಏನಾದರೂ ಇರಬೇಕಲ್ಲ. ತೊಂದರೆ ಏನೆಂದರೆ, ಕೆಲಸ ಮಾಡುವ ಹುಡುಗನ ಹತ್ತಿರ ನಮ್ಮನ್ನು ಬಿಡುವುದಿಲ್ಲ. ಗಾಜಿನ ಆಚೆ ಕೂತು ಕಾಫಿ ಕುಡಿಯಬೇಕು. ಸರ್ವಿಸ್ ಅಡ್ವೈಸರ್ ಪ್ರತಿ ಸಲ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸ್‌ಇನ್ಫೆಕ್ಷನ್ ಅಂತ ಒಂದು ಪಟ್ಟಿ ಓದುತ್ತಾನೆ. ಸರಿಯಾಗಿ ಆಯಿಲ್ ಬದಲಾಗುತ್ತಾ ಬಂದ ಎಂಜಿನ್ನಿಗೆ ಫ್ಲಶ್ ಬೇಡ. ಒಂದು ಸಲ ಮನೆಗೆ ಬಂದು ಮಾರನೇ ದಿನ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಮೇಲಿನ ಗುರುತು ದಾಟಿ ನಿಂತಿತ್ತು. ಜಾಸ್ತಿ ಆಯಿಲ್ ಇದ್ದರೆ ಒಳ್ಳೆಯದಲ್ವಾ ಅಂತ ಕೇಳಬೇಡಿ. ಹೆಚ್ಚಾದ ಆಯಿಲ್ ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪಿನಿಂದ ಟರ್ಬೊ ಕಡೆಗೇ ಹೋಗುತ್ತದೆ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಒಳಗೆ ಸೇರಿಕೊಳ್ಳುತ್ತದೆ. ಫೋನ್ ಮಾಡಿದರೆ "ಗಾಡಿ ತಗೊಂಡು ಬನ್ನಿ ಸರ್" ಅಂದರು. ಮತ್ತೆ ನೂರು ಕಿ.ಮೀ.

ಭಾವ ಹೋಗುವುದು ಮಡಗಾಂವಿಗೆ. ಕಾರವಾರದವರಿಗೆ ಅದು ಹತ್ತಿರ. ಕಾಳಿ ಸೇತುವೆ, ಮಾಜಾಳಿ ದಾಟಿದರೆ ಗೋವಾ, ಅಲ್ಲಿಂದ ಕಾಣಕೋಣದ ಮೇಲೆ ಹೋದರೆ ಆಯಿತು. ಅಲ್ಲಿನ ಒಂದು ಮಲ್ಟಿಬ್ರ್ಯಾಂಡ್ ಗ್ಯಾರೇಜಿಗೆ ಅವನ ಜೊತೆ ನನ್ನ ಕಾರನ್ನೂ ಒಯ್ದಿದ್ದೆ. ಕೆಲಸ ಚೊಕ್ಕ. ಆದರೆ ಆಯಿಲನ್ನು ಕೆಳಗಿನ ನಟ್ ಬಿಚ್ಚಿ ಇಳಿಸಲಿಲ್ಲ, ಡಿಪ್‌ಸ್ಟಿಕ್ ತೂತಿನಿಂದ ಪೈಪ್ ಇಳಿಸಿ ಮೆಷಿನ್ನಿನಲ್ಲಿ ಎಳೆದರು. ಕೆಲವು ಕಾರುಗಳಿಗೆ ಅದು ಸರಿಯೇ ಇರಬಹುದು. ನನಗೆ ಚೇಂಬರಿನ ತಳದಲ್ಲಿ ಕೂತ ಗಸಿ ಹೊರಗೆ ಬರುವುದು ಕಣ್ಣಿಗೆ ಕಾಣಬೇಕು. ಅವರ ಅಂಡರ್‌ಬಾಡಿ ಕೋಟಿಂಗ್ ಮಾತ್ರ ಮೆಚ್ಚಿಕೊಂಡೆ. ಉಪ್ಪು ಗಾಳಿಯಲ್ಲಿ ಕಾರಿಡುವ ಕಾರವಾರದವರಿಗೆ ಆ ಖರ್ಚು ದಂಡ ಅಲ್ಲ. ಶಿರಸಿಯಲ್ಲಿ ನಮಗೆ ಉಪ್ಪಿಗಿಂತ ಇಲಿ ಕಾಟವೇ ಹೆಚ್ಚು.

ಕೊನೆಗೆ ನಮ್ಮೂರಿನದೇ ಗ್ಯಾರೇಜ್. ಹೆಸರು ಹಾಕಿದರೆ ನಾಳೆಯಿಂದ ನನಗೇ ಜಾಗ ಸಿಗಲಿಕ್ಕಿಲ್ಲ, ಅದಕ್ಕೆ ಬಿಟ್ಟಿದ್ದೇನೆ. ತಗಡಿನ ಶೆಡ್ಡು, ಒಂದೇ ಲಿಫ್ಟ್. ಮೇಸ್ತ್ರಿ ಮೊದಲು ಮಾಡುವ ಕೆಲಸ ಕಾರನ್ನು ಒಂದು ರೌಂಡ್ ಓಡಿಸಿ ಬರುವುದು. ಆಯಿಲ್ ಬಿಸಿಯಾಗಿದ್ದರೆ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ, ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ನಟ್ ಬಿಚ್ಚಿ, ಧಾರೆ ನಿಂತು ಹನಿಯಾಗುವ ತನಕ ಆರಾಮಾಗಿ ಬಿಡುತ್ತಾನೆ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂತೋ, ಎಂಜಿನ್ನಿಗೇ ಅಂಟಿ ಉಳಿಯಿತೋ ಅಂತ ಬೆರಳಾಡಿಸಿ ನೋಡುತ್ತಾನೆ. ಹಳೆ ರಿಂಗ್ ಮೇಲೆ ಹೊಸದು ಕೂತರೆ ಘಟ್ಟದ ಮಧ್ಯೆ ಆಯಿಲೆಲ್ಲ ರಸ್ತೆಗೆ. ಹೊಸ ರಿಂಗಿಗೆ ಒಂದು ಹನಿ ಆಯಿಲ್ ಸವರಿ ಕೈಯಲ್ಲೇ ಬಿಗಿಯುತ್ತಾನೆ. ನಟ್ಟಿನ ವಾಷರ್ ಪ್ರತಿ ಸಲ ಹೊಸದು. ಹತ್ತಿಪ್ಪತ್ತು ರೂಪಾಯಿಯ ಸಾಮಾನು, ಹುಬ್ಬಳ್ಳಿಯ ಬಿಲ್ಲಿನಲ್ಲಿ ಅದು ಇದ್ದುದು ನಾನು ನೋಡಿಲ್ಲ.

ಆಯಿಲ್ ಡಬ್ಬಿ ನಾನೇ ಒಯ್ಯುತ್ತೇನೆ. ಸೀಲ್ ನನ್ನೆದುರೇ ಒಡೆಯುತ್ತದೆ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದು ಬರುತ್ತೇನೆ, ಯಾರೂ ಮತ್ತೆ ತುಂಬಿಸಿ ಮಾರಬಾರದು. ಮೊದಲ ಸಲ ಹೀಗೆ ಮಾಡಿದಾಗ ಮೇಸ್ತ್ರಿ, "ಹೆಗಡೇರೇ, ನನ್ನ ಮೇಲೆ ಡೌಟಾ?" ಅಂದ. "ನಿನ್ನ ಮೇಲಲ್ಲ ಮಾರಾಯ, ಗುಜರಿಯವರ ಮೇಲೆ" ಅಂದೆ. ಈಗ ತೂತು ಅವನೇ ಹೊಡೆಯುತ್ತಾನೆ.

ಅವನಲ್ಲಿ ಇಲ್ಲದಿರುವುದು ಕಂಪನಿಯ ಸ್ಕ್ಯಾನರ್. ಸಾಮಾನ್ಯ ಓಬಿಡಿ ಸ್ಕ್ಯಾನರ್ ಇದೆ, ಚೆಕ್ ಎಂಜಿನ್ ಲೈಟ್ ಬಂದರೆ ಕೋಡ್ ಓದುತ್ತಾನೆ, ಅಷ್ಟೇ. ಬೂಸ್ಟ್ ಪ್ರೆಶರಿನ (ಟರ್ಬೊ ತುಂಬುವ ಗಾಳಿಯ ಒತ್ತಡದ) ತೊಂದರೆ, ಇಂಜೆಕ್ಟರಿನ ತೊಂದರೆ ಅಂದರೆ ಅವನೇ "ಇದು ನನ್ನ ಕೈಯಲ್ಲಿ ಆಗೋದಲ್ಲ, ಹುಬ್ಬಳ್ಳಿಗೆ ಹೋಗಿ" ಅನ್ನುತ್ತಾನೆ. ಗೊತ್ತಿಲ್ಲ ಅಂತ ಹೇಳುವ ಮೆಕ್ಯಾನಿಕ್ ಸಿಗುವುದು ಅಪರೂಪ. ಲೇಬರ್ ಶೋರೂಮಿನ ಅರ್ಧಕ್ಕಿಂತ ಕಡಿಮೆ, ಆದರೆ ನಾನು ಅಲ್ಲಿಗೆ ಹೋಗುವುದು ಅದಕ್ಕಲ್ಲ.

ಹಾಗಾಗಿ ಈಗ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ಶಿರಸಿಯಲ್ಲೇ. ಸ್ಕ್ಯಾನ್, ಸಾಫ್ಟ್‌ವೇರ್, ಟರ್ಬೊ ಪೈಪಿಂಗ್ ತಪಾಸಣೆಗೆ ಹುಬ್ಬಳ್ಳಿ. ಹೇಗೂ ಅಲ್ಲಿ ಬೇರೆ ಕೆಲಸ ಇದ್ದಾಗ ಹೋಗುತ್ತೇನೆ, ಆಯಿಲ್ ಮುಟ್ಟಬೇಡಿ ಅಂತ ಜಾಬ್ ಕಾರ್ಡಿನ ಮೇಲೆ ಬರೆಸಿಯೇ ಬಿಡುತ್ತೇನೆ. ಒಂದೇ ರಗಳೆ ಅಂದರೆ ಫಿಲ್ಟರ್. ನನ್ನ ಕಾರಿನದು ಇಲ್ಲಿನ ಅಂಗಡಿಗಳಲ್ಲಿ ಯಾವಾಗಲೂ ಇರುವುದಿಲ್ಲ. ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ ಶಿರಸಿ ಬಸ್ಸಿಗೆ ಹಾಕಿಸಬೇಕು. ಒಂದರ ಬದಲು ಎರಡು ತರಿಸಿಡಿ, ಪಾರ್ಸೆಲ್ ಚಾರ್ಜ್ ಹೇಗೂ ಅಷ್ಟೇ. ವಾಷರೂ ಅದರ ಜೊತೆಗೇ ಕೇಳಿ, ಇಲ್ಲದಿದ್ದರೆ ಕಳಿಸುವುದಿಲ್ಲ.